ಮನೆಬಳಕೆಯ ಸಂಗ್ರಹ ಸರ್ವರ್: ಸ್ಥಾಪನೆ ಮತ್ತು ದೋಷ ಪತ್ತೆ

ಮನೆಯ ರೌಟರಿಗೆ ಜೋಡಿಸಿಟ್ಟು, ಮನೆಮಂದಿಯೆಲ್ಲ ತಮ್ಮ ತಮ್ಮ ಫೋನು, ಲ್ಯಾಪ್‌ಟಾಪು, ಟಿ.ವಿ.ಗಳಿಂದ ಬಳಸಬಹುದಾದ ಹಾರ್ಡ್ ಡಿಸ್ಕುಗಳ ಪೆಟ್ಟಿಗೆಗೆ ಸಂಗ್ರಹ ಸರ್ವರ್ ಎನ್ನುತ್ತಾರೆ. ಅಂಗಡಿಯಲ್ಲಿ ಇದರ ಹೆಸರು ‘ನಾಸ್’. ಯುಎಸ್‌ಬಿ ಹಾರ್ಡ್ ಡಿಸ್ಕನ್ನು ಯಾವ ಕಂಪ್ಯೂಟರಿಗೆ ಚುಚ್ಚಿದ್ದೇವೋ ಅದಕ್ಕೆ ಮಾತ್ರ ಅದು ಸಿಗುತ್ತದೆ. ನಾಸ್‌ಗಾದರೆ ತನ್ನದೇ ಪ್ರೊಸೆಸರ್, ತನ್ನದೇ ಆಪರೇಟಿಂಗ್ ಸಿಸ್ಟಂ, ಜಾಲದಲ್ಲಿ ತನ್ನದೇ ವಿಳಾಸ ಇರುತ್ತದೆ. ಹಗಲೂ ರಾತ್ರಿ ಅದು ಎದ್ದೇ ಇರುತ್ತದೆ.

ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿ, ಸುತ್ತಿನ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಗಳಲ್ಲಿ ಇಂಥ ಪೆಟ್ಟಿಗೆಯ ಅಗತ್ಯ ಎದ್ದು ಕಾಣುವುದು ಮದುವೆ, ನಾಮಕರಣಗಳ ಫೋಟೋ ವಿಡಿಯೋ ಮಾಡಿಕೊಡುವವರ ಮನೆಗಳಲ್ಲಿ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ತೆಗೆದ 4ಕೆ ವಿಡಿಯೋ ಗಂಟೆಗೆ 45 ಜಿಬಿ ನುಂಗುತ್ತದೆ. ಚಪ್ಪರದಿಂದ ಬೀಗರೂಟದವರೆಗೆ ಒಂದು ಮದುವೆ ಮುಗಿಯುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಜಾಗವೇ ಇರುವುದಿಲ್ಲ. ಉಳಿದ ಮನೆಗಳಲ್ಲೂ ಕಾಪಾಡಬೇಕಾದ್ದು ಕಡಿಮೆಯೇನಿಲ್ಲ: ಮಕ್ಕಳ ಅಂಕಪಟ್ಟಿ, ವಿಭಾಗಪತ್ರ ಮತ್ತು ಕ್ರಯಪತ್ರಗಳ ಸ್ಕ್ಯಾನ್, ತಂಬಾಕು ಹರಾಜಿನ ಲೆಕ್ಕ, ಅಜ್ಜಿ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗ್. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಅವುಗಳ ಪ್ರತಿಯನ್ನು ಸರ್ಕಾರ ಕಾಯುತ್ತದೆ. ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಕಾಗದಗಳ ಸ್ಕ್ಯಾನ್ ಕಾಯುವವರು ಮನೆಯವರೇ. (ಸ್ಕ್ಯಾನ್ ಮೂಲಪತ್ರಕ್ಕೆ ಬದಲಿಯಲ್ಲ, ಮೂಲಪತ್ರವನ್ನು ಎಂದೂ ಬಿಸಾಡಬಾರದು.)

ನಗರದವರಿಗಾಗಿ ಬರೆದ ಕೈಪಿಡಿಗಳು ಡಿಸ್ಕು, ಪ್ರೊಸೆಸರ್‌ಗಳಿಂದ ಮಾತು ಶುರುಮಾಡುತ್ತವೆ. ಹಳ್ಳಿಯ ಮನೆಯಲ್ಲಿ ಆ ಕ್ರಮ ಕೆಲಸಕ್ಕೆ ಬಾರದು. ಇಲ್ಲಿ ಮೊದಲು ನೋಡಬೇಕಾದ್ದು ಕರೆಂಟು, ಆಮೇಲೆ ಜಾಲದ ವಿಳಾಸ. ಡಿಸ್ಕಿನ ಸರದಿ ಅವೆರಡರ ನಂತರ.

ಹಿನ್ನೆಲೆ

ಜಾಲದ ಮೂಲಕ ಕಡತ ಹಂಚಿಕೊಳ್ಳುವ ಎರಡು ಮುಖ್ಯ ಪದ್ಧತಿಗಳೂ 1980ರ ದಶಕದವು. ಐಬಿಎಂನಲ್ಲಿ ಬ್ಯಾರಿ ಫೈಗೆನ್‌ಬೌಮ್ ರೂಪಿಸಿದ ಎಸ್‌ಎಂಬಿ ಮುಂದೆ ವಿಂಡೋಸ್‌ನ ಪದ್ಧತಿಯಾಯಿತು. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಎನ್‌ಎಫ್‌ಎಸ್ ತಂದಿತು. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಬರೆಯತೊಡಗಿದ ‘ಸಾಂಬಾ’ ಎಂಬ ಉಚಿತ ತಂತ್ರಾಂಶದಿಂದ ಲಿನಕ್ಸ್ ಯಂತ್ರವೂ ವಿಂಡೋಸ್ ಸರ್ವರಿನಂತೆ ನಡೆದುಕೊಳ್ಳುವಂತಾಯಿತು. ಇಂದಿನ ಮನೆ ಸರ್ವರುಗಳ ಬುನಾದಿ ಇದೇ. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಹಲವು ಅಗ್ಗದ ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ದುಡಿಸುವ ‘ರೇಡ್’ ವಿಧಾನವನ್ನು ವಿವರಿಸಿದರು. 2005ರಲ್ಲಿ ಶುರುವಾದ ಫ್ರೀನಾಸ್ (ಈಗ ಟ್ರೂನಾಸ್), ಆಮೇಲೆ ಬಂದ ಓಪನ್‌ಮೀಡಿಯಾವಾಲ್ಟ್ ತಂತ್ರಾಂಶಗಳು ಹಳೆಯ ಕಂಪ್ಯೂಟರನ್ನೇ ನಾಸ್ ಮಾಡಿಕೊಳ್ಳುವ ದಾರಿ ತೆರೆದವು.

ಯಂತ್ರದ ಆಯ್ಕೆ

ದಾರಿ ಮೂರು. ಸಿನಾಲಜಿ, ಕ್ಯೂನ್ಯಾಪ್‌ನಂಥ ಕಂಪನಿಗಳ ಸಿದ್ಧ ಪೆಟ್ಟಿಗೆ. ಮೂಲೆಗೆ ಸರಿಸಿದ ಹಳೆಯ ಡೆಸ್ಕ್‌ಟಾಪ್. ಅಂಗೈ ಅಗಲದ ರಾಸ್ಪ್‌ಬೆರಿ ಪೈ. ದುಡ್ಡಿಲ್ಲದೆ ಆಗುತ್ತದೆಂದು ಹೆಚ್ಚಿನವರು ಹಳೆಯ ಡೆಸ್ಕ್‌ಟಾಪಿಗೆ ಕೈ ಹಾಕುತ್ತಾರೆ. ಅದು ಪುಕ್ಕಟೆಯಲ್ಲ. 50 ವ್ಯಾಟ್ ಎಳೆಯುವ ಯಂತ್ರ ತಿಂಗಳು ಪೂರ್ತಿ ಓಡಿದರೆ 36 ಯೂನಿಟ್ ಆಗುತ್ತದೆ. 2023ರಲ್ಲಿ ಜಾರಿಯಾದ ‘ಗೃಹ ಜ್ಯೋತಿ’ಯಲ್ಲಿ ಉಚಿತ ಯೂನಿಟ್ಟಿನ ಮಿತಿ ಎಲ್ಲರಿಗೂ 200 ಅಲ್ಲ. ಆ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿದ್ದಾರೆ; ಅದನ್ನು ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು. ಸರಾಸರಿ 60 ಯೂನಿಟ್ ಬಳಸುತ್ತಿದ್ದ ಮನೆಗೆ ಸರ್ವರ್ ಒಂದೇ 36 ಯೂನಿಟ್ ಸೇರಿಸಿದರೆ ತಿಂಗಳು ತಿಂಗಳೂ ಬಿಲ್ ಬರುವುದು ಖಂಡಿತ. ಒಂದು ಸಣ್ಣ ಡಿಸ್ಕಿನೊಡನೆ 7 ವ್ಯಾಟಿನಲ್ಲಿ ಓಡುವ ಪೈ ತೆಗೆದುಕೊಳ್ಳುವುದು ಸುಮಾರು 5 ಯೂನಿಟ್. ಹಳ್ಳಿಯ ಮನೆಗೆ ಸಣ್ಣ ಯಂತ್ರವೇ ಸರಿ ಎಂಬುದಕ್ಕೆ ಇದೊಂದೇ ಲೆಕ್ಕ ಸಾಕು.

ಪೈ ಕೊಳ್ಳುವುದಾದರೆ 2019ರಲ್ಲಿ ಬಂದ ನಾಲ್ಕನೆಯ ಮಾದರಿ ಅಥವಾ ಅದರ ನಂತರದ್ದನ್ನೇ ಕೊಳ್ಳಬೇಕು. ಅದಕ್ಕೂ ಹಿಂದಿನವುಗಳಲ್ಲಿ ಜಾಲದ ಕೇಬಲ್ಲೂ ಡಿಸ್ಕೂ ಒಂದೇ ಯುಎಸ್‌ಬಿ 2 ದಾರಿಯನ್ನು ಹಂಚಿಕೊಂಡು ನಿಧಾನವಾಗುತ್ತವೆ. ಪೈಗೆಂದೇ ಮಾಡಿದ ಅಡಾಪ್ಟರನ್ನೇ ಬಳಸಬೇಕು. ಮೊಬೈಲ್ ಚಾರ್ಜರ್ ಸಾಲದು. ನಾಲ್ಕನೆಯ ಪೈಗೆ 5 ವೋಲ್ಟಿನಲ್ಲಿ 3 ಆಂಪಿಯರ್ ಬೇಕು, ಅದರ ನಾಲ್ಕು ಯುಎಸ್‌ಬಿ ಕಿಂಡಿಗಳೂ ಸೇರಿ ಹೊರಕೊಡುವುದು 1.2 ಆಂಪಿಯರ್ ಮಾತ್ರ. ತಿರುಗಲು ಶುರುವಾಗುವ ಕ್ಷಣದಲ್ಲಿ ಒಂದೊಂದು ಡಿಸ್ಕೂ ಸುಮಾರು 1 ಆಂಪಿಯರ್ ಕೇಳುವುದರಿಂದ, ಎರಡು ಡಿಸ್ಕ್ ಹಾಕಿದ ದಿನದಿಂದ ಒಂದು ಡಿಸ್ಕ್ ಬಂದು ಬಂದು ಮಾಯವಾಗತೊಡಗಿದರೆ ಡಿಸ್ಕನ್ನು ಬೈಯುವುದು ಬೇಡ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತಂದರೆ ಕಾಯಿಲೆ ವಾಸಿ.

ಕರೆಂಟು

ಈ ಸೀಮೆಗೆ ವಿದ್ಯುತ್ ಪೂರೈಸುವುದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ‘ನಿರಂತರ ಜ್ಯೋತಿ’ ಯೋಜನೆಯಲ್ಲಿ ಊರಿನ ಮನೆಗಳ ಫೀಡರನ್ನು ಪಂಪ್‌ಸೆಟ್ ಫೀಡರಿನಿಂದ ಬೇರ್ಪಡಿಸಲಾಗಿದೆ. ಆದರೆ ತೋಟದ ಮನೆಗಳು ಇಂದಿಗೂ ಪಂಪ್‌ಸೆಟ್ ತಂತಿಯ ಹತ್ತಿರವೇ ಇವೆ. ತ್ರೀ ಫೇಸ್ ಬಂದು ಹೋಗುವಾಗಿನ ಏರಿಳಿತ ಅಲ್ಲಿ ನೇರವಾಗಿ ತಟ್ಟುತ್ತದೆ. ಅಕ್ಕಪಕ್ಕದ ಬೋರ್‌ವೆಲ್ ಮೋಟರ್‌ಗಳು ಒಟ್ಟಿಗೆ ಎದ್ದಾಗ ಬಲ್ಬು ಮಂಕಾಗಿ, ಸರ್ವರಿನೊಳಗಿಂದ ‘ಟಕ್’ ಎಂಬ ಸದ್ದು ಬಂದು, ಮುಂದಿನ ದೀಪ ಆರಿ ಮತ್ತೆ ಹತ್ತಿದರೆ ರೋಗ ತಿಳಿದಂತೆಯೇ. ಆ ಸದ್ದು ಡಿಸ್ಕಿನ ಓದುಗಡ್ಡಿ ಕರೆಂಟ್ ತಪ್ಪಿ ಅವಸರವಾಗಿ ತನ್ನ ಮೂಲೆಗೆ ಮರಳಿದ್ದರದು. ಒಮ್ಮೆ ಆದರೆ ತೊಂದರೆಯಿಲ್ಲ, ದಿನಾ ಆದರೆ ಡಿಸ್ಕಿನ ಆಯುಸ್ಸು ಸವೆಯುತ್ತದೆ. ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಂತಿದ್ದರೆ ಅದು ಬೇರೆ ನಷ್ಟ.

ಮನೆಯಲ್ಲಿ ಇನ್ವರ್ಟರ್ ಇದೆ, ಮತ್ತೇಕೆ ಯುಪಿಎಸ್ ಎಂದು ಕೇಳುವವರಿದ್ದಾರೆ. ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರಿನ ಹಿಂಬದಿಯ ಸ್ವಿಚ್ಚು ‘ಇಕೋ’ ಅಥವಾ ‘ನಾರ್ಮಲ್’ ಕಡೆಗಿದ್ದರೆ ಅದು ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನು, ಲೈಟಿಗೆ ಗೊತ್ತೇ ಆಗದ ಆ ಅಂತರದಲ್ಲಿ ಸರ್ವರ್ ಸತ್ತು ಹುಟ್ಟುತ್ತದೆ. ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ತಳ್ಳಿದರೆ ಎಷ್ಟೋ ಮನೆಗಳಲ್ಲಿ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಇನ್ವರ್ಟರ್ ಸೈನ್ ವೇವ್ ಜಾತಿಯದ್ದೇ ಎಂದೂ ನೋಡಿಕೊಳ್ಳಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟನ್ನು ಹೊಸ ಎಸ್‌ಎಂಪಿಎಸ್‌ಗಳು ಸಹಿಸುವುದಿಲ್ಲ, ಕೆಲವು ಸಣ್ಣ ಯುಪಿಎಸ್‌ಗಳೂ ಅದನ್ನು ಕರೆಂಟೆಂದೇ ಒಪ್ಪದೆ ತಮ್ಮ ಬ್ಯಾಟರಿಯನ್ನು ಖಾಲಿಮಾಡಿಕೊಳ್ಳುತ್ತವೆ.

ಇದೆಲ್ಲ ಸರಿಯಿದ್ದರೂ ಸರ್ವರಿಗೆಂದೇ 600 ವಿಎ ಯುಪಿಎಸ್ ಒಂದು ಬೇಕು. ಕೊಳ್ಳುವಾಗ ಯುಎಸ್‌ಬಿ ಕಿಂಡಿ ಇರುವುದನ್ನು ಆರಿಸಬೇಕು. ಆ ಕಿಂಡಿಯಿಂದ ಕೇಬಲನ್ನು ಸರ್ವರಿಗೆ ಜೋಡಿಸಿ ‘ನಟ್’ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ, ಬ್ಯಾಟರಿ ತೀರುವ ಮೊದಲೇ ಯುಪಿಎಸ್ ಸೂಚನೆ ಕೊಟ್ಟು ಸರ್ವರ್ ತಾನಾಗಿಯೇ ನೆಟ್ಟಗೆ ಮುಚ್ಚಿಕೊಳ್ಳುತ್ತದೆ. ರೌಟರು ಮತ್ತು ಫೈಬರ್ ಪೆಟ್ಟಿಗೆಯನ್ನೂ ಅದೇ ಯುಪಿಎಸ್‌ಗೆ ಸಿಕ್ಕಿಸಬೇಕು.

ಅರ್ಥಿಂಗ್ ವಿಷಯದಲ್ಲಿ ಉದಾಸೀನ ಹೆಚ್ಚು. ಸರ್ವರಿನ ಲೋಹದ ಮೈ ಮುಟ್ಟಿದಾಗ ಬೆರಳು ಜುಮ್ಮೆಂದರೆ ಪ್ಲಗ್ಗಿನ ಮೂರನೆಯ ಪಿನ್ನು ಎಲ್ಲಿಗೂ ತಲುಪುತ್ತಿಲ್ಲ ಎಂದರ್ಥ. ಎರಡು ಪಿನ್ನಿನ ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡ್ ಕಾರಣವಿರಬಹುದು, ಇಲ್ಲವೇ ಹಿತ್ತಲಿನ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿರಬಹುದು. ಗುಂಡಿಗೆ ನೀರು ಹುಯ್ಯುವುದು ಹಳೆಯ ಪದ್ಧತಿ, ಅದು ಸರಿಯಾದ ಪದ್ಧತಿ. ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಮಾತ್ರ ಅರ್ಥಿಂಗೂ ಕಾಪಾಡದು. ಆಗ 230 ಇರಬೇಕಾದ ವೋಲ್ಟೇಜ್ 300 ದಾಟಿ ಏರಬಹುದು. ಹೆಚ್ಚು ವೋಲ್ಟೇಜಿಗೆ ತಾನೇ ಕತ್ತರಿಸಿಕೊಳ್ಳುವ ಉಪಕರಣವನ್ನು ಮೀಟರ್ ಬೋರ್ಡಿನಲ್ಲಿ ಹಾಕಿಸುವುದೇ ಉಪಾಯ.

ಯುಗಾದಿ ಕಳೆದು ಮುಂಗಾರು ಹಿಡಿಯುವವರೆಗಿನ ಗುಡುಗು ಮಳೆಯ ದಿನಗಳಲ್ಲಿ ಪ್ಲಗ್ ಕಿತ್ತರೆ ಸಾಲದು, ಲ್ಯಾನ್ ಕೇಬಲನ್ನೂ ಕೀಳಬೇಕು. ಮನೆಯಿಂದ ಎದುರಿನ ಸ್ಟುಡಿಯೋಗೆ ಬಯಲಲ್ಲಿ ಎಳೆದ ತಾಮ್ರದ ಲ್ಯಾನ್ ಕೇಬಲ್ ಸಿಡಿಲಿನ ಹೊಡೆತವನ್ನು ಎರಡೂ ಕಡೆಗೆ ಹಂಚುತ್ತದೆ. ಅಂಥಲ್ಲಿ ಸಣ್ಣ ಮೀಡಿಯಾ ಕನ್ವರ್ಟರ್ ಹಾಕಿ ಫೈಬರ್ ಎಳೆಸುವುದು ಒಳ್ಳೆಯದು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ.

ಇಡುವ ಜಾಗವೂ ಮುಖ್ಯ. ತಂಬಾಕು ಬ್ಯಾರನ್ ಉರಿಯುವ ತಿಂಗಳುಗಳಲ್ಲಿ ಅದರ ಹೊಗೆ, ಬೂದಿ ಬೀಳುವ ಕಡೆ, ಸೌದೆ ಒಲೆಯ ಬಳಿ ಸರ್ವರ್ ಇಡಬಾರದು. ಗಾಳಿಯಾಡುವ ಕಿಂಡಿಗೆ ಸಣ್ಣ ಜಾಲರಿ ಹಚ್ಚಿದರೆ ಹಲ್ಲಿ, ಇರುವೆ ಒಳಗೆ ಹೋಗಿ ಶಾರ್ಟ್ ಆಗುವುದು ತಪ್ಪುತ್ತದೆ.

ಸ್ಥಾಪನೆ

ಇದು ಸುಲಭದ ಭಾಗ. ಓಪನ್‌ಮೀಡಿಯಾವಾಲ್ಟ್ ಹಾಕಿ, ಕಂಪ್ಯೂಟರಿನ ಬ್ರೌಸರಿನಲ್ಲಿ ಸರ್ವರಿನ ವಿಳಾಸ ಬರೆದರೆ ಒಳಹೋಗುವ ಪುಟ ಬರುತ್ತದೆ. ಮೊದಲ ಕೆಲಸ ಅದರ ಜೊತೆ ಬಂದ ಪಾಸ್‌ವರ್ಡ್ ಬದಲಿಸುವುದು. ಡಿಸ್ಕನ್ನು ಎಕ್ಸ್ಟ್‌4 ಕಡತವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ, ಹಂಚಿಕೆಯ ಫೋಲ್ಡರ್ ತೆರೆದು, ಮನೆಯ ಒಬ್ಬೊಬ್ಬರಿಗೂ ಒಂದೊಂದು ಹೆಸರು ಕೊಟ್ಟು, ಎಸ್‌ಎಂಬಿ ಚಾಲೂ ಮಾಡಿದರೆ ಆಯಿತು. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿದ್ದದ್ದೆಲ್ಲ ಹೋಗುತ್ತದೆ. ಆ ಭಯಕ್ಕೆ ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನೇ ಹಾಗೆಯೇ ತಂದು ಚುಚ್ಚುವವರಿದ್ದಾರೆ. ವಿಂಡೋಸ್ ಅದನ್ನು ಅರೆನಿದ್ದೆಯಲ್ಲಿ ಬಿಟ್ಟಿದ್ದರೆ ಲಿನಕ್ಸ್ ಅದನ್ನು ಓದಲಷ್ಟೇ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. 4 ಟಿಬಿ ಎಂದು ಕೊಂಡ ಡಿಸ್ಕ್ ಕಂಪ್ಯೂಟರಿನಲ್ಲಿ 3.6 ಎಂದು ಕಂಡರೆ ಅಂಗಡಿಯವರ ಮೋಸವಲ್ಲ; ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತಾರೆ.

‘ಸರ್ವರ್ ಕಾಣ್ತಿಲ್ಲ’

ಅತಿ ಹೆಚ್ಚು ಕೇಳಿಬರುವ ದೂರು ಇದು. ಹತ್ತರಲ್ಲಿ ಎಂಟು ಸಲ ಸರ್ವರ್ ಎದ್ದೇ ಇರುತ್ತದೆ, ವಿಳಾಸ ಬದಲಾಗಿರುತ್ತದೆ. ಕರೆಂಟ್ ಹೋಗಿ ಬಂದಾಗ ಸರ್ವರ್ ರೌಟರಿಗಿಂತ ಬೇಗ ಏಳಬಹುದು. ವಿಳಾಸ ಕೊಡುವವರೇ ಇಲ್ಲದೆ ಅದು 169.254 ಎಂದು ಆರಂಭವಾಗುವ ವಿಳಾಸವನ್ನು ತಾನೇ ಇಟ್ಟುಕೊಂಡು ಕೂರುತ್ತದೆ. ರೌಟರ್ ಎದ್ದ ಮೇಲೆ ಸರ್ವರಿನ ಲ್ಯಾನ್ ಕೇಬಲ್ ಕಿತ್ತು ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಶಾಶ್ವತ ಪರಿಹಾರ ಬೇಕೆಂದರೆ ರೌಟರಿನ ಸೆಟ್ಟಿಂಗಿನಲ್ಲಿ ಸರ್ವರಿಗೆ ಒಂದು ವಿಳಾಸ ಕಾದಿರಿಸಬೇಕು.

ಸರ್ವರಿನೊಳಗೇ ಕಾಯಂ ವಿಳಾಸ ಬರೆದಿಟ್ಟವರಿಗೆ ಬೇರೆ ಅಪಾಯವಿದೆ. 192.168.1 ಸಾಲಿನ ವಿಳಾಸ ಇಟ್ಟುಕೊಂಡಿದ್ದ ಮನೆಯವರು ಜಿಯೋ ಫೈಬರ್‌ಗೆ ಬದಲಾದರೆ ಹೊಸ ರೌಟರ್ 192.168.29 ಸಾಲಿನಲ್ಲಿ ಮಾತಾಡುತ್ತದೆ. ಸರ್ವರ್ ಹಳೆಯ ಸಾಲಿನಲ್ಲೇ ಉಳಿದು ಯಾರ ಕಣ್ಣಿಗೂ ಬೀಳುವುದಿಲ್ಲ. ಡಿಸ್ಕ್ ಸುಟ್ಟಿತೆಂದು ಎಷ್ಟೋ ಜನ ಹೆದರುವುದು ಇಂಥ ದಿನವೇ.

ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ಕೆಂಪು ದೀಪ ಹತ್ತಿದ್ದರೆ ಹೊರಗಿನ ಫೈಬರ್ ಎಲ್ಲೋ ಕಡಿದಿದೆ ಎಂದರ್ಥ. ಇಂಟರ್ನೆಟ್ ಇಲ್ಲದಿದ್ದರೂ ಮನೆಯೊಳಗೆ ಸರ್ವರ್ ಸಿಗಲೇಬೇಕು. ಅದೇ ಅದರ ದೊಡ್ಡ ಲಾಭ. ಆದರೆ ಹಳೆಯ ಪೈಗಳಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಇಂಟರ್ನೆಟ್ ಇಲ್ಲದ ಹೊತ್ತಿನಲ್ಲಿ ಎದ್ದರೆ ಹಿಂದಿನ ಯಾವುದೋ ತಾರೀಖಿನಲ್ಲೇ ನಿಂತಿರುತ್ತದೆ, ತಾರೀಖು ನೋಡಿ ನಡೆಯುವ ಬ್ಯಾಕಪ್ ದಾರಿ ತಪ್ಪುತ್ತದೆ.

ಸರ್ವರ್ ಕಂಡರೂ ವಿಂಡೋಸ್ ಒಳಗೆ ಬಿಡದಿದ್ದರೆ ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶ ಕಾರಣವಿರಬಹುದು. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ವೈರಸ್ ಹಳೆಯ ಎಸ್‌ಎಂಬಿ 1ರ ದೋಷ ಹಿಡಿದು ಜಗತ್ತಿನಾದ್ಯಂತ ಹರಡಿತು. ಆ ವರ್ಷದ ಕೊನೆಯಿಂದ ವಿಂಡೋಸ್ 10ರ ಹೊಸ ಸ್ಥಾಪನೆಗಳಿಂದ ಎಸ್‌ಎಂಬಿ 1ನ್ನು ಕೈಬಿಡುತ್ತ ಬಂದಿದ್ದಾರೆ, ಅತಿಥಿ ಪ್ರವೇಶದ ಮೇಲೂ ನಿರ್ಬಂಧ ಹೆಚ್ಚುತ್ತ ಬಂದಿದೆ. ಎಸ್‌ಎಂಬಿ 1ನ್ನು ಮತ್ತೆ ಚಾಲೂ ಮಾಡಿ ಎಂಬ ಸಲಹೆ ಈಗಲೂ ಓಡಾಡುತ್ತಿದೆ. ಅದನ್ನು ಕೇಳಬಾರದು. ಸರ್ವರಿನಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಅದರಿಂದಲೇ ಒಳಹೋಗುವುದು ಸರಿಯಾದ ದಾರಿ.

ನಕಲು ನಿಧಾನವಾದರೆ ಕೇಬಲ್ ನೋಡಬೇಕು. ಲ್ಯಾನ್ ಕೇಬಲಿನ ಎಂಟು ಎಳೆಗಳಲ್ಲಿ ಒಂದು ತುಂಡಾದರೂ ವೇಗ ಸೆಕೆಂಡಿಗೆ 1,000 ಮೆಗಾಬಿಟ್‌ನಿಂದ 100ಕ್ಕೆ ಇಳಿಯಬಹುದು. ಮೊದಲು ಹೇಳಿದ 45 ಜಿಬಿ ವಿಡಿಯೋ 7 ನಿಮಿಷದಲ್ಲಿ ಹೋಗಬೇಕಾದ್ದು ಆಗ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಬಾಗಿಲ ಸಂದಿಯಲ್ಲಿ ಸಿಕ್ಕಿ ಜಜ್ಜಿದ ಕೇಬಲ್, ಇಲಿ ಕಡಿದ ಕೇಬಲ್ ಇಂಥವೇ.

ಕನ್ನಡ ಹೆಸರಿನ ಕಡತಗಳು

ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗದ, ಕನ್ನಡದ ಮನೆಗಳಿಗೇ ಬರುವ ತೊಂದರೆಯಿದು. ಎಕ್ಸ್ಟ್‌4ರಲ್ಲಿ ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೆ ಮೂರು ಬೇಕು, ಕಾಗುಣಿತದ ಗುರುತು, ಒತ್ತು ಎಲ್ಲ ಬೇರೆ ಬೇರೆ ಚಿಹ್ನೆಗಳು. ‘ಗಾವಡಗೆರೆ’ ಎಂದು ಬರೆದರೆ 8 ಚಿಹ್ನೆ, 24 ಬೈಟ್. ಒಟ್ಟು 85 ಚಿಹ್ನೆಗಳಿಗೆ ಹೆಸರಿನ ಜಾಗ ಮುಗಿಯುತ್ತದೆ. ವಿಂಡೋಸ್ ಡಿಸ್ಕಿನಲ್ಲಿ 255 ಚಿಹ್ನೆಗಳವರೆಗೆ ಜಾಗವಿರುವುದರಿಂದ, ಮದುಮಕ್ಕಳ ಹೆಸರು, ಊರು, ಛತ್ರ, ತಾರೀಖು ಎಲ್ಲ ಸೇರಿಸಿದ ಉದ್ದ ಹೆಸರು ಲ್ಯಾಪ್‌ಟಾಪಿನಲ್ಲಿ ಸರಿಯಾಗಿದ್ದು ಸರ್ವರಿಗೆ ಹಾಕುವಾಗ ಅರ್ಥವಾಗದ ದೋಷ ತೋರಿಸುತ್ತದೆ. ಹೆಸರು ಚಿಕ್ಕದು ಮಾಡಿದರೆ ಕಡತ ಸದ್ದಿಲ್ಲದೆ ಹೋಗುತ್ತದೆ.

ಇನ್ನೊಂದು ಇನ್ನೂ ಸೂಕ್ಷ್ಮ. ಈ, ಏ, ಐ, ಒ, ಓ ಕಾರಗಳ ಗುರುತನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್‌ಗೆ ಎರಡೂ ಬೇರೆ. ಹಳೆಯ ಮ್ಯಾಕ್ ಡಿಸ್ಕುಗಳು ತುಂಡು ಮಾಡಿಯೇ ಬರೆಯುತ್ತಿದ್ದವು. ಹೀಗಾಗಿ ‘ಗಾವಡಗೆರೆ’ ಫೋಲ್ಡರಿಗೆ ಏನೂ ಆಗದೆ ‘ಹೆಗ್ಗಡದೇವನಕೋಟೆ’ ಫೋಲ್ಡರ್ ಮಾತ್ರ ಎರಡೆರಡಾಗಿ ಕಾಣುತ್ತದೆ, ಅಥವಾ ಹುಡುಕಿದರೆ ಸಿಗುವುದಿಲ್ಲ. ಫೋಲ್ಡರಿನ ಹೆಸರನ್ನು ಸರ್ವರಿನಲ್ಲೇ ಮತ್ತೊಮ್ಮೆ ಟೈಪಿಸಿ ಒಳಗಿನದನ್ನು ಅದಕ್ಕೆ ಸರಿಸಿದರೆ ಒಂದಾಗುತ್ತದೆ.

ಡಿಸ್ಕಿನ ಕಾಯಿಲೆ

ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ‘ಸ್ಮಾರ್ಟ್’ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಪಟ್ಟಿಯ 5, 197, 198ನೆಯ ಸಾಲುಗಳಲ್ಲಿ ಸೊನ್ನೆ ಇರಬೇಕು. ಅಲ್ಲಿ ಅಂಕಿ ಏರುತ್ತಿದ್ದರೆ ಡಿಸ್ಕಿನ ಮೇಲ್ಮೈ ಕೆಡುತ್ತಿದೆ. 199ನೆಯ ಸಾಲು ಮಾತ್ರ ಏರಿದರೆ ಕೆಟ್ಟದ್ದು ಕೇಬಲ್ ಇರುವ ಸಂಭವವೇ ಹೆಚ್ಚು, ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಗೂಗಲ್‌ನ ತಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಇತರ ಡಿಸ್ಕುಗಳಿಗಿಂತ 39 ಪಟ್ಟು ಹೆಚ್ಚು. ಯಾವ ಸೂಚನೆಯೂ ಇಲ್ಲದೆ ಸತ್ತ ಡಿಸ್ಕುಗಳೂ ಅದರಲ್ಲಿ ಬಹಳವಿದ್ದವು. ಹಾಗಾಗಿ ಪಟ್ಟಿ ಚೆನ್ನಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ.

ಎರಡು ಡಿಸ್ಕಿನಲ್ಲಿ ಒಂದೇ ಸಮನೆ ಬರೆಯುವ ರೇಡ್ 1 ಹಾಕಿದ್ದೇವೆ, ಬ್ಯಾಕಪ್ ಬೇಡ ಎಂಬ ನಂಬಿಕೆ ಅತ್ಯಂತ ಅಪಾಯಕಾರಿ. ತಪ್ಪಾಗಿ ಅಳಿಸಿದ ಫೋಲ್ಡರ್ ಎರಡರಿಂದಲೂ ಒಂದೇ ಕ್ಷಣದಲ್ಲಿ ಹೋಗುತ್ತದೆ. ಸಿಡಿಲು, ಕಳ್ಳತನ, ವೈರಸ್ ಎರಡನ್ನೂ ಒಟ್ಟಿಗೇ ಕಳೆಯುತ್ತವೆ. ಎರಡು ಡಿಸ್ಕಿಗೆ ದುಡ್ಡಿದ್ದರೆ ಒಂದನ್ನು ಸರ್ವರಿನಲ್ಲೂ ಇನ್ನೊಂದನ್ನು ಬೇರೆ ಮನೆಯಲ್ಲೂ ಇಡುವುದು ಒಳ್ಳೆಯ ಬಳಕೆ.

ಹೊರಗಿನಿಂದ ಪ್ರವೇಶ

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ಊರಿನ ಸರ್ವರಿಗೆ ಬರಬೇಕೆಂದರೆ ‘ಪೋರ್ಟ್ ಫಾರ್ವರ್ಡಿಂಗ್’ ಎಂಬ ಹಳೆಯ ಉಪಾಯ ಇಂದಿನ ಎಷ್ಟೋ ಸಂಪರ್ಕಗಳಲ್ಲಿ ನಡೆಯುವುದಿಲ್ಲ. ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ರೌಟರಿನ ಹೊರವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಆ ಮನೆ ಇಂಥ ಹಂಚಿಕೆಯಲ್ಲಿದೆ. ನಡೆದರೂ ಆ ಬಾಗಿಲು ತೆರೆಯುವುದು ಕ್ಷೇಮವಲ್ಲ. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಎಂಬ ಸುಲಿಗೆ ವೈರಸ್ ಇಂಟರ್ನೆಟ್ಟಿಗೆ ನೇರವಾಗಿ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿ ಜನರ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ವೈರ್‌ಗಾರ್ಡ್ ಅಥವಾ ಟೈಲ್‌ಸ್ಕೇಲ್‌ನಂಥ ಖಾಸಗಿ ಸುರಂಗವೇ ಸರಿಯಾದ ದಾರಿ; ಟೈಲ್‌ಸ್ಕೇಲ್ ಹಂಚಿದ ವಿಳಾಸದ ಹಿಂದಿನಿಂದಲೂ ಕೆಲಸ ಮಾಡುತ್ತದೆ.

ಎರಡನೆಯ ಪ್ರತಿ

ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ನಿಯಮ ಈ ಸೀಮೆಗೂ ಹೊಂದುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಯುಎಸ್‌ಬಿ ಡಿಸ್ಕಿಗೆ ತಿಂಗಳಿಗೊಮ್ಮೆ ನಕಲು ತೆಗೆದು ಮೈಸೂರಿನಲ್ಲಿರುವ ಅಕ್ಕನ ಮನೆಯಲ್ಲೋ ಹುಣಸೂರಿನ ಸೋದರಮಾವನ ಬೀರುವಿನಲ್ಲೋ ಇಟ್ಟರೆ ಸಾಕು. ನಕಲು ಮುಗಿದೊಡನೆ ಡಿಸ್ಕನ್ನು ಕಿತ್ತಿಡಬೇಕು. ಚುಚ್ಚಿಟ್ಟ ಡಿಸ್ಕನ್ನು ವೈರಸ್ಸೂ ಸಿಡಿಲೂ ಬಿಡುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ಆ ಡಿಸ್ಕಿನಿಂದ ಯಾವುದಾದರೂ ಹಳೆಯ ವಿಡಿಯೋ ತೆಗೆದು ಪೂರ್ತಿ ಓಡಿಸಿ ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬಾರದು.

ಸರ್ವರ್ ಕಟ್ಟಿದವರು ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಅದನ್ನು ನೋಡಿಕೊಳ್ಳಬೇಕಾದವರು ಅಪ್ಪ ಅಮ್ಮ. ಅವರಿಗಾಗಿ ಒಂದು ಹಾಳೆ ಬರೆದು ಯುಪಿಎಸ್ ಪಕ್ಕದ ಗೋಡೆಗೆ ಅಂಟಿಸಬೇಕು. ಗುಡುಗಿದರೆ ಮೊದಲು ಸರ್ವರಿನ ಬಟನ್ ಒಮ್ಮೆ ಒತ್ತಿ ದೀಪ ಆರುವವರೆಗೆ ಕಾಯಬೇಕು, ಆಮೇಲೆ ಪ್ಲಗ್, ಕೊನೆಗೆ ನೀಲಿ ಲ್ಯಾನ್ ಕೇಬಲ್. ಮತ್ತೆ ಹಾಕುವಾಗ ಮೊದಲು ರೌಟರ್, ಐದು ನಿಮಿಷ ಬಿಟ್ಟು ಸರ್ವರ್ ಎಂದು ದಪ್ಪ ಅಕ್ಷರದಲ್ಲಿ ಬರೆಯಬೇಕು. ಹೊರಗಿನ ಡಿಸ್ಕು ಯಾರ ಮನೆಯಲ್ಲಿದೆ ಎಂಬುದೂ ಅದರಲ್ಲಿರಲಿ. ಪಾಸ್‌ವರ್ಡನ್ನು ಗೋಡೆಯ ಮೇಲೆ ಬರೆಯದೆ ಜಮೀನಿನ ಕಾಗದಗಳ ಜೊತೆ ಬೀರುವಿನಲ್ಲಿಟ್ಟು, ಅದನ್ನು ಬದಲಿಸಿದ ದಿನವೇ ಆ ಚೀಟಿಯನ್ನೂ ಬದಲಿಸಬೇಕು.